ಗಂಟಲಿನ ಹೊಲಿಗೆ

೨೪ ನವೆಂಬರ್ ೧೯೯೬, ಭಾನುವಾರ

ಸಂಗತಿಗಳನ್ನು ಕ್ರಮವಾಗಿ ಬರೆದಿಡುತ್ತೇನೆ.

೧. ನಿನ್ನೆ, ಬೇಟೆಯ ಋತುವಿನ ಮೊದಲ ದಿನ, ಬೆಳಿಗ್ಗೆ ಏಳು ನಲವತ್ತಕ್ಕೆ ಕೊರೀನಾ ತನ್ನ ಮೊದಲ ಗಂಡು ಜಿಂಕೆಯನ್ನು ಹೊಡೆದಳು. ಎಂಟು ಕವಲಿನ ಕೊಂಬು. ಒಂದೇ ಗುಂಡು. ದೂರ ಎಂಬತ್ತೆರಡು ಗಜ. ಆಮೇಲೆ ನಾನು ಅಳೆದೆ.

೨. ಕೊರೀನಾ ನನ್ನ ಹೆಂಡತಿ ಮಾರ್ಲಾಳ ಮಗಳು, ಮೊದಲ ಮದುವೆಯಿಂದ ಹುಟ್ಟಿದವಳು. ವಯಸ್ಸು ಇಪ್ಪತ್ತು. ಚೀಸ್ ಕಾರ್ಖಾನೆಯಲ್ಲಿ ಕೆಲಸ. ಮಾರ್ಲಾ ಅವಳನ್ನು ಕೋರಿ ಎಂದು ಕರೆಯುತ್ತಿದ್ದಳು, ನಾನು ಕೊರೀನಾ ಎನ್ನುತ್ತೇನೆ. ಮಾರ್ಲಾ ಕಳೆದ ಮೇ ತಿಂಗಳಿನಲ್ಲಿ ತೀರಿಕೊಂಡಳು.

೩. ಮಾರ್ಲಾ ಎರಡು ವರ್ಷ ಬೆನ್ನುಹತ್ತಿಯೂ ಕೈಗೆ ಸಿಗದಿದ್ದ ಜಿಂಕೆ ಇದೇ. ಎಡಗಿವಿಯ ಅಂಚಿನಲ್ಲಿ ಬೆರಳಗಲದ ಕಚ್ಚು ಇದೆ. ಆ ಕಚ್ಚಿನ ವರ್ಣನೆಯನ್ನು ಊಟದ ಮೇಜಿನಲ್ಲಿ ನಾವಿಬ್ಬರೂ ಎಷ್ಟೋ ಸಲ ಕೇಳಿದ್ದೇವೆ. ಅನುಮಾನಕ್ಕೆ ಎಡೆಯಿಲ್ಲ.

೪. ಜಿಂಕೆಯನ್ನು ಹಿಮದ ಮೇಲೆ ಎಳೆದೊಯ್ಯುವ ಸ್ಲೆಡ್ಡು ತರಲು ಕೊರೀನಾ ಟ್ರಕ್ಕಿಗೆ ಹೋಗಿದ್ದಾಗ ಜಿಂಕೆಯ ಕರುಳು ತೆಗೆಯುವ ಕೆಲಸವನ್ನು ನಾನು ವಹಿಸಿಕೊಂಡೆ. ಮಾಂಸ ಕೆಡದಿರಬೇಕಾದರೆ ಶ್ವಾಸನಾಳವನ್ನು ಪೂರ್ತಿಯಾಗಿ ತೆಗೆಯಬೇಕೆಂದು ಕೈಪಿಡಿಯಲ್ಲಿ ಓದಿದ್ದೆ. ಆದ್ದರಿಂದ ಹೊಟ್ಟೆಯಿಂದ ಗದ್ದದವರೆಗೆ ಒಂದೇ ಸೀಳು ಹಾಕಿದೆ.

೫. ತಲೆಯನ್ನು ಗೋಡೆಗೆ ಹಾಕಿಸಬೇಕೆನ್ನುವವರು ಎದೆಮೂಳೆಯನ್ನು ದಾಟಿ ಮೇಲಕ್ಕೆ ಕೊಯ್ಯಬಾರದು. ಇದು ಈ ಊರಿನ ಎಂಟು ವರ್ಷದವರಿಗೂ ಗೊತ್ತು. ನಾನು ಮಿಲ್ವಾಕಿ ನಗರದಿಂದ ಬಂದವನು, ನನಗೆ ಗೊತ್ತಿರಲಿಲ್ಲ.

೬. ಡುಲೂತ್‌ನಲ್ಲಿರುವ ಚಿಕ್ಕಮ್ಮನ ಬಳಿ ನೆಲೆಸುವುದಾಗಿ ಕೊರೀನಾ ಅಕ್ಟೋಬರ್‌ನಲ್ಲೇ ತಿಳಿಸಿದ್ದಾಳೆ. ಈಗ ಈ ಜಿಂಕೆಯ ತಲೆ ಸಿದ್ಧವಾಗುವವರೆಗೆ ಇದ್ದು, ಅದನ್ನು ತೆಗೆದುಕೊಂಡು ಹೋಗುತ್ತಾಳೆ. ಬಳಿಕ ಮನೆಯನ್ನು ಮಾರುವುದೆಂದು ಒಪ್ಪಿಗೆಯಾಗಿದೆ.

೭. ಜಿಂಕೆ ಬಿದ್ದ ಜಾಗದಲ್ಲಿ ಅವಳು ನಕ್ಕಳು. ಮೇ ತಿಂಗಳ ನಂತರ ಇದೇ ಮೊದಲು. ಸ್ಲೆಡ್ಡು ತಂದು ನನ್ನ ಸೀಳನ್ನು ನೋಡಿದ ಮೇಲೆ ನಗಲಿಲ್ಲ.

ಎಂಟನೆಯದೊಂದನ್ನು ಬರೆಯಲು ಕುಳಿತೆ. ಅದು ಸಂಗತಿಯ ಸ್ವರೂಪದ್ದಲ್ಲವಾದ್ದರಿಂದ ಬಿಟ್ಟಿದ್ದೇನೆ.

ನೋಂದಣಿ ಮಾಡಿಸಿ ಲೋಹದ ಪಟ್ಟಿ ಹಾಕಿಸಲು ಜಿಂಕೆಯನ್ನು ನಿನ್ನೆಯೇ ಹೆದ್ದಾರಿಯ ಬಾರಿಗೆ ಒಯ್ದೆವು; ಋತುವಿನಲ್ಲಿ ಬೇಟೆಯ ನೋಂದಣಿ ಕೇಂದ್ರವೂ ಅದೇ. ಅಲ್ಲಿ ಮಾರ್ಲಾಳ ಅಣ್ಣ ಡ್ಯುವೇನ್ ಕಿತ್ತಳೆ ಕೋಟಿನಲ್ಲಿ ನಿಂತಿದ್ದ. ಟ್ರಕ್ಕಿನೊಳಗೆ ಬಗ್ಗಿ ನೋಡಿದ.

“ಏನಯ್ಯ ವೆಂಡೆಲ್, ಜಿಂಕೆಗೆ ಜಿಪ್ಪು ಹಾಕ್ಸೋಕೆ ಹೊರಟಿದ್ಯಾ?”

ಸುತ್ತಲಿದ್ದವರು ನಕ್ಕರು. “ಬಿಡು ಬಿಡು, ಒಂದು ಟೈ ಕಟ್ಟಿದ್ರೆ ಮುಚ್ಚೋಗುತ್ತೆ,” ಎಂದ ಇನ್ನೊಬ್ಬ. ಕೊರೀನಾ ಟ್ರಕ್ಕಿನಿಂದ ಇಳಿಯಲಿಲ್ಲ.

೨೬ ನವೆಂಬರ್

ಕಾಗದದ ಗಿರಣಿಯ ಕೆಲಸ ಮುಗಿಸಿ, ಕೊರೀನಾಳೊಂದಿಗೆ ವರ್ನಾ ಕುಬಿಯಾಕ್‌ರ ಟ್ಯಾಕ್ಸಿಡರ್ಮಿ ಸ್ಟುಡಿಯೊಗೆ ಹೋದೆ; ಬೇಟೆಯ ಪ್ರಾಣಿಗಳನ್ನು ಜೀವವಿದ್ದಂತೆ ಕಾಣುವಂತೆ ಸಿದ್ಧಪಡಿಸುವ ಜಾಗ. ಹಿಂದೆ ಹಾಲಿನ ಹಸುಗಳ ಕೊಟ್ಟಿಗೆಯಾಗಿದ್ದ ಕಟ್ಟಡ. ಬಾಗಿಲ ಮೇಲೆ ನಲವತ್ತೊಂಬತ್ತು ಇಂಚಿನ ಮಸ್ಕಿ ಮೀನು, ಒಳಗೆ ಗೋಡೆಯುದ್ದಕ್ಕೂ ಜಿಂಕೆ, ಕರಡಿ, ಕಾಡುಬಾತು. ವರ್ನಾಗೆ ಅರವತ್ತೆಂಟು ವರ್ಷ. ಕನ್ನಡಕವನ್ನು ಹಣೆಗೇರಿಸಿ ಸೀಳನ್ನು ಬಹಳ ಹೊತ್ತು ನೋಡಿದರು.

“ಯಾರು ಕುಯ್ದಿದ್ದು ಇದನ್ನ?”

“ನಾನು.”

“ರೂಲರ್ ಇಟ್ಕೊಂಡು ಕುಯ್ದ್ಯಾ?”

ಇಲ್ಲವೆಂದೆ.

“ನಲವತ್ತೊಂದು ವರ್ಷದಿಂದ ಈ ಬೆಂಚಿನ ಮುಂದೆ ನಿಂತಿದೀನಿ. ಕೊಡಲೀಲಿ ಕಡಿದಂಗೆ ಕುಯ್ಕೊಂಡು ಬಂದೋರನ್ನ ನೋಡಿದೀನಿ. ಮೂಗನ್ನ ಕಾಡಲ್ಲೇ ಬಿಟ್ಟು ಬಂದೋನನ್ನೂ ನೋಡಿದೀನಿ. ಇಷ್ಟು ಅಂದವಾಗಿ ಹಾಳು ಮಾಡ್ದೋನು ನೀನೊಬ್ಬನೇ.”

ಪರಿಹಾರ ಸಾಮಾನ್ಯವಾದದ್ದೇ ಎಂದು ವಿವರಿಸಿದರು. ಫ್ರೀಜರಿನಲ್ಲಿ ಏಳು ಚರ್ಮಗಳಿವೆ. ಎರಡು ಅಳತೆಗೆ ಹೊಂದುತ್ತವೆ. ಕೊಂಬು ಇದರದು, ಚರ್ಮ ಬೇರೊಂದರದು. “ಈ ಊರಿನ ಅರ್ಧ ಗೋಡೆಗಳ ಮೇಲೆ ಇರೋದು ಹಾಗೇನೇ. ಯಾರೂ ಬಾಯಿಬಿಡಲ್ಲ ಅಷ್ಟೆ.”

“ಕಿವಿ?” ಎಂದಳು ಕೊರೀನಾ.

“ಕಿವೀನೂ ಬೇರೇದೇ ಕಣಮ್ಮ.”

“ಹಾಗಾದ್ರೆ ಅದು ಅಮ್ಮನ ಜಿಂಕೆ ಅಲ್ಲ.”

ಇದೇ ಚರ್ಮವನ್ನು ಹೊಲಿಯಲಾಗದೇ ಎಂದು ಕೇಳಿದೆ. ವರ್ನಾ ತಮ್ಮ ಎರಡೂ ಕೈಗಳನ್ನು ಬೆಂಚಿನ ಮೇಲಿಟ್ಟು ತೋರಿಸಿದರು. ಬೆರಳಿನ ಗಂಟುಗಳು ಊದಿಕೊಂಡಿದ್ದವು. “ಗಂಟಲಿನ ಕೂದಲು ಬಿಳಿ, ಗಿಡ್ಡ. ಅಲ್ಲಿ ಒಂದು ಹೊಲಿಗೆ ತಪ್ಪಿದ್ರೂ ಹತ್ತಡಿ ದೂರಕ್ಕೆ ಕಾಣುತ್ತೆ. ಹತ್ತು ವರ್ಷದ ಹಿಂದೆ ಆಗಿದ್ರೆ ಮಾಡ್ತಿದ್ದೆ. ಈಗ ಈ ಬೆರಳುಗಳು ಮಧ್ಯಾಹ್ನಕ್ಕೇ ರಿಟೈರ್ ಆಗ್ತವೆ.”

ಹಿಂತಿರುಗುವಾಗ ಹದಿನಾಲ್ಕು ಮೈಲಿ. ಕೊರೀನಾ ಕಿಟಕಿಯ ಕಡೆಗೆ ತಿರುಗಿ ಕೂತಿದ್ದಳು.

೩೦ ನವೆಂಬರ್

ಕೊರೀನಾ ನನ್ನೊಂದಿಗೆ ಮಾತಾಡುತ್ತಿಲ್ಲವಾದ್ದರಿಂದ, ಇರುವ ಆಯ್ಕೆಗಳನ್ನು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ೧. ಬೇರೆ ಚರ್ಮ. ೨. ಕೊಂಬನ್ನು ಮಾತ್ರ ಹಲಗೆಗೆ ಜೋಡಿಸುವುದು. ೩. ಯಾವುದೂ ಬೇಡ. ಪ್ರತಿಯೊಂದರ ಎದುರು ಗುರುತು ಹಾಕಲು ಚೌಕವನ್ನೂ ಬರೆದೆ.

೧ ಡಿಸೆಂಬರ್

ಯಾವ ಚೌಕದಲ್ಲೂ ಗುರುತಿಲ್ಲ. ಕೆಳಗೆ ಅವಳ ಕೈಬರಹದಲ್ಲಿ: “೪. ನೀವು ಕುಯ್ದಿದ್ದು. ನೀವೇ ಹೊಲೀರಿ.”

ಈ ಆಯ್ಕೆ ನನಗೆ ಹೊಳೆದಿರಲಿಲ್ಲ.

೩ ಡಿಸೆಂಬರ್

ವರ್ನಾರ ಬಳಿ ಹೋಗಿ ವಿಷಯ ತಿಳಿಸಿದೆ. ಅವರು ಕರಡಿಯೊಂದರ ಬಾಯಿಗೆ ನಾಲಿಗೆ ಕೂರಿಸುತ್ತಿದ್ದರು.

“ಸೂಜಿ ಹಿಡಿದಿದ್ಯಾ ಯಾವಾಗ್ಲಾದ್ರೂ?”

“ಅಂಗಿಯ ಗುಂಡಿ ಹೊಲಿದುಕೊಂಡಿದ್ದೇನೆ.”

“ಹೊಟ್ಟೆಪಾಡಿಗೆ ಏನು ಮಾಡ್ತೀಯ?”

ಕಾಗದದ ಗಿರಣಿಯಲ್ಲಿ ಅಳತೆಯ ಉಪಕರಣಗಳನ್ನು ಸರಿಹೊಂದಿಸುವ ತಂತ್ರಜ್ಞ ಎಂದೆ. ಅವರು ಚಿಮಟಿಗೆ ಕೊಟ್ಟು, ಮೇಜಿನ ಮೇಲಿದ್ದ ಒಂದೇ ಒಂದು ಕೂದಲನ್ನು ಎತ್ತಿ ಹಿಡಿಯಲು ಹೇಳಿದರು. ಹಿಡಿದೆ. ಕಾಫಿ ಬಗ್ಗಿಸಿಕೊಂಡು, ಕುಡಿದು, ಲೋಟ ತೊಳೆದಿಟ್ಟು ಬಂದು ನೋಡಿದರು. ಇನ್ನೂ ಹಿಡಿದಿದ್ದೆ.

“ಸಾಕು, ಇಳಿಸು ಮಾರಾಯ. ಶನಿವಾರ ಬಾ. ಊಟ ಮಾಡ್ಕೊಂಡು ಬಾ, ಇಲ್ಲಿ ತಿನ್ನೋಕೆ ಮನಸ್ಸು ಬರಲ್ಲ.”

೧೪ ಡಿಸೆಂಬರ್

ಎರಡನೆಯ ಶನಿವಾರ. ಜಿಂಕೆಯ ಚರ್ಮ ಉಪ್ಪು ಹೀರಿಕೊಂಡು ಹದಕ್ಕೆ ಹೋಗಿದೆ; ಆ ಕೆಲಸ ವರ್ನಾರದು. ನನಗೆ ಅಭ್ಯಾಸಕ್ಕೆಂದು ಹೆಣ್ಣು ಜಿಂಕೆಯ ಕತ್ತಿನ ತುಂಡುಗಳನ್ನು ಕೊಟ್ಟಿದ್ದಾರೆ. ಮೂರು ಅಂಚಿನ ಸೂಜಿ, ಮೇಣ ಸವರಿದ ದಾರ. ಚರ್ಮದ ಒಳಮಗ್ಗುಲಿನಿಂದ ಹೊಲಿಯಬೇಕು. ಪ್ರತಿ ಹೊಲಿಗೆಗೂ ಸಿಕ್ಕಿಬಿದ್ದ ಕೂದಲನ್ನು ಸೂಜಿಯ ತುದಿಯಿಂದ ಹೊರಕ್ಕೆ ಬಿಡಿಸಬೇಕು. ಇಂಚಿಗೆ ಎಂಟು. ಸೀಳಿನ ಉದ್ದ ಹತ್ತೊಂಬತ್ತು ಇಂಚು. ಒಟ್ಟು ನೂರ ಐವತ್ತೆರಡು ಹೊಲಿಗೆ.

ಮೊದಲ ತುಂಡನ್ನು ತಿರುಗಿಸಿ ನೋಡಿದ ವರ್ನಾ, “ಸಾಸೇಜು ಕಟ್ಟಿದೀಯ,” ಎಂದರು. ಎರಡನೆಯದನ್ನು ನೇರವಾಗಿ ಒಲೆಗೆ ಹಾಕಿದರು.

೨೫ ಡಿಸೆಂಬರ್

ಹಬ್ಬ. ಹೊರಗೆ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ. ಕೊರೀನಾ ನನಗೊಂದು ಉಡುಗೊರೆ ಕೊಟ್ಟಳು: ತಲೆಗೆ ಪಟ್ಟಿ ಬಿಗಿದುಕೊಳ್ಳುವ ಭೂತಗನ್ನಡಿ. “ಹೊಲಿಗೆಗೆ,” ಎಂದಳು. ನಾನು ಕೊಟ್ಟದ್ದು ಟೈರಿನ ಗಾಳಿ ಅಳೆಯುವ ಮಾಪಕ. ಅಂಗಡಿಯ ಮಾಪಕಗಳಲ್ಲಿ ದೋಷವಿರುವುದರಿಂದ ಗಿರಣಿಯಲ್ಲಿ ಪರೀಕ್ಷಿಸಿ ತಂದಿದ್ದೆ. ಹಾಗೆಂದು ಹೇಳಿದೆ. “ಥ್ಯಾಂಕ್ಸ್,” ಎಂದಳು.

ಮಾರ್ಲಾ ಇದ್ದಿದ್ದರೆ ನಗುತ್ತಿದ್ದಳು. ಯಾವುದಕ್ಕೆ ಎಂಬುದು ನನಗೆ ಸ್ಪಷ್ಟವಿಲ್ಲ.

೧೧ ಜನವರಿ ೧೯೯೭

ಒಂಬತ್ತನೆಯ ತುಂಡು. ದಾರವನ್ನು ಪ್ರತಿ ಸಲವೂ ಒಂದೇ ಬಿಗಿತದಲ್ಲಿ ಎಳೆಯುತ್ತಿದ್ದೆ. ಗಿರಣಿಯಲ್ಲಿ ಅದೇ ಸರಿ. ಇಲ್ಲಿ ಹೊಲಿಗೆಯುದ್ದಕ್ಕೂ ಸುಕ್ಕು ಬಿದ್ದಿತು. ವರ್ನಾ ನನ್ನ ಮಣಿಕಟ್ಟಿಗೆ ಚಮಚದಿಂದ ಹೊಡೆದರು.

“ಎಳೀಬೇಡ, ಕೂಡಿಸು. ಇದು ಕಾಗದ ಅಲ್ಲ ಕಣೋ. ಒಣಗ್ತಾ ತಾನೇ ಬಿಗಿಯಾಗುತ್ತೆ. ಅದರ ಪಾಲಿನ ಕೆಲಸಾನೂ ನೀನೇ ಮಾಡ್ಬಿಟ್ರೆ ಹರಿದುಹೋಗುತ್ತೆ.”

ಹತ್ತನೆಯ ತುಂಡನ್ನು ಒಲೆಗೆ ಹಾಕಲಿಲ್ಲ. ಗೋಡೆಗೆ ಮೊಳೆ ಹೊಡೆದು ತೂಗುಹಾಕಿದರು.

ಈ ದಿನ ಕೊರೀನಾ ಊಟದ ವೇಳೆ, “ಎಷ್ಟಾಯ್ತು?” ಎಂದು ಕೇಳಿದಳು. ಹತ್ತು ಎಂದೆ. ತುಂಡನ್ನು ತೋರಿಸಬೇಕೆಂದಳು. ಅದು ವರ್ನಾರ ಗೋಡೆಯ ಮೇಲಿದೆ ಎಂದಾಗ ಆಲೂಗಡ್ಡೆಯ ಪಾತ್ರೆಯನ್ನು ನನ್ನ ಕಡೆಗೆ ಸರಿಸಿದಳು.

೮ ಫೆಬ್ರವರಿ

ನಿಜವಾದ ಚರ್ಮ. ಹದಗೊಂಡು ಮೆತ್ತಗೆ, ಒದ್ದೆ ಬಟ್ಟೆಯಂತೆ ಬಂದಿದೆ. ಕಿವಿಯ ಕಚ್ಚು ಹಾಗೆಯೇ ಇದೆ. ಬೆಳಿಗ್ಗೆ ಎಂಟಕ್ಕೆ ಎದೆಯ ಕಡೆಯಿಂದ ಆರಂಭಿಸಿದೆ. ಹನ್ನೆರಡರ ವೇಳೆಗೆ ಎಪ್ಪತ್ತೊಂದು.

ವರ್ನಾ ಪಕ್ಕದ ಬೆಂಚಿನಲ್ಲಿ ವಾಲೈ ಮೀನಿಗೆ ಬಣ್ಣ ಹಚ್ಚುತ್ತ ಕೇಳಿದರು: “ಇದು ಮುಗಿದ್ರೆ ಅವಳು ಹೊರಡ್ತಾಳಂತಲ್ಲ?”

“ಹೌದು.”

“ಮತ್ಯಾಕೆ ಇಷ್ಟು ಚೆನ್ನಾಗಿ ಹೊಲೀತಿದೀಯ? ನಾನಾಗಿದ್ರೆ ದಿನಕ್ಕೊಂದು ಹೊಲಿಗೆ ಹಾಕ್ತಿದ್ದೆ. ಈಸ್ಟರ್ ಬರೋದು, ಹೋಗೋದು.”

ತಡಮಾಡಿದರೆ ಚರ್ಮ ಒಣಗುತ್ತದೆ ಎಂದೆ.

“ಅದು ಸರಿ ಬಿಡು,” ಎಂದು ಮೀನಿನ ಕಡೆಗೆ ತಿರುಗಿದರು.

ನಾಲ್ಕು ಗಂಟೆಗೆ ಗದ್ದದ ಕೆಳಗೆ ಕೊನೆಯ ಹೊಲಿಗೆ. ನೂರ ಐವತ್ತನಾಲ್ಕು, ಎರಡು ಹೆಚ್ಚು. ಚರ್ಮವನ್ನು ತಲೆ-ಕತ್ತಿನ ಆಕಾರದ ಅಚ್ಚಿನ ಮೇಲೆ ಎಳೆದು, ಗಾಜಿನ ಕಣ್ಣು ಕೂರಿಸಿ, ಕಿವಿಯನ್ನು ನಿಲ್ಲಿಸಿದ್ದು ವರ್ನಾ. ಕಣ್ಣು ಕೂತೊಡನೆ ಅದು ನಮ್ಮಿಬ್ಬರ ಕಡೆಗೂ ನೋಡಿತು.

೨೩ ಫೆಬ್ರವರಿ

ಹೊಲಿಗೆ ಬಿಟ್ಟುಕೊಂಡಿದೆ. ಗದ್ದದ ಕೆಳಗಿನ ಅತಿ ಬಿಳಿಯ ಭಾಗದಲ್ಲಿ, ಎರಡೂಕಾಲು ಇಂಚು. ಒಣಗುವಾಗ ಚರ್ಮ ಎಳೆದಿದೆ. ಕಾರಣವನ್ನು ಗುರುತಿಸಿದ್ದೇನೆ: ಕೊನೆಯ ಹದಿನೆಂಟು ಹೊಲಿಗೆಗಳಲ್ಲಿ ನಾನು ಹಳೆಯ ಅಭ್ಯಾಸಕ್ಕೆ ಮರಳಿ ಬಿಗಿಯಾಗಿ ಎಳೆದಿದ್ದೆ. ಮುಗಿಯುತ್ತ ಬಂದಿತ್ತು, ಬೇಗ ಮುಗಿಸಬೇಕೆನ್ನಿಸಿತ್ತೋ, ಮುಗಿಸಬಾರದೆನ್ನಿಸಿತ್ತೋ, ಕೈ ಮಾತ್ರ ತಪ್ಪಿತ್ತು.

ಸಂಜೆ ಕೋರಿಗೆ ಹೇಳಿದೆ. ತಪ್ಪು ನನ್ನದು, ಎರಡನೆಯ ಸಲ, ಕ್ಷಮಿಸು ಎಂದೆ. ಮೊದಲ ಸಲ ಈ ಕೊನೆಯ ಮಾತನ್ನು ಹೇಳಿರಲಿಲ್ಲವೆಂಬುದು ಹೇಳಿದ ಮೇಲೆ ಗೊತ್ತಾಯಿತು.

ಅವಳು ಬೂಟು ಕಳಚುತ್ತಿದ್ದಳು. “ಇಬ್ಬರು ಬೇಕಾ ಅದಕ್ಕೆ?” ಎಂದಳು.

ಇಬ್ಬರಿದ್ದರೆ ಅನುಕೂಲ ಎಂದೆ.

೧ ಮಾರ್ಚ್, ಶನಿವಾರ

ಇಡೀ ದಿನ ಸ್ಟುಡಿಯೊದಲ್ಲಿ. ಒಣಗಿದ ಭಾಗಕ್ಕೆ ಒದ್ದೆ ಬಟ್ಟೆ ಸುತ್ತಿ ಮೂರು ಗಂಟೆ ಬಿಟ್ಟೆವು. ಮೆತ್ತಗಾದ ಮೇಲೆ ಹಳೆಯ ದಾರವನ್ನು ಬಿಚ್ಚಿದೆ. ಈಗ ಅಚ್ಚಿನ ಮೇಲಿರುವುದರಿಂದ ಒಳಮಗ್ಗುಲಿಂದ ಹೊಲಿಯಲಾಗದು. ಹೊರಗಿನಿಂದಲೇ, ಕೂದಲುಗಳ ನಡುವೆ. ಕೋರಿ ಬೆಂಚಿನ ಅಂಚಿನಿಂದ ಹೊರಚಾಚಿದ್ದ ತಲೆಯ ಕೆಳಗೆ ಮಲಗಿ, ಎರಡು ಹೆಬ್ಬೆರಳಿನಿಂದ ಚರ್ಮದ ಅಂಚುಗಳನ್ನು ಕೂಡಿಸಿ ಹಿಡಿದಳು. ಹಲ್ಲುಜ್ಜುವ ಬ್ರಷ್ಷಿನಿಂದ ಕೂದಲನ್ನು ಬಿಡಿಸಿದವಳೂ ಅವಳೇ.

“ಅಮ್ಮ ಹೇಳ್ತಿದ್ಲು,” ಎಂದಳು ಕೆಳಗಿನಿಂದ, “ನಿಮ್ಮನ್ನ ಮೊದಲನೇ ಸಲ ಕಾಫಿಗೆ ಕರೆದಾಗ ನೀವು ಕ್ಯಾಲೆಂಡರ್ ತೆಗೆದು ನೋಡಿದ್ರಂತೆ.”

“ಅದು ದುರಸ್ತಿಗೆಂದು ಗಿರಣಿ ಮುಚ್ಚುವ ವಾರವಾಗಿತ್ತು.”

“ಅಮ್ಮ ಆವತ್ತೇ ತೀರ್ಮಾನ ಮಾಡಿದ್ಲಂತೆ. ಇವನು ಬರ್ತೀನಿ ಅಂದ್ರೆ ಬರ್ತಾನೆ ಅಂತ.”

ನಾನು ಹನ್ನೊಂದನೆಯ ಹೊಲಿಗೆಯಲ್ಲಿದ್ದೆ. ದಾರ ಸ್ವಲ್ಪ ಹೊತ್ತು ಕಾಣಲಿಲ್ಲ. ಭೂತಗನ್ನಡಿಯ ಮೇಲೆ ಹಬೆ ಕೂತಿತ್ತು. ಒರೆಸಿಕೊಂಡು ಮುಂದುವರಿಸಿದೆ.

“ಅಲ್ಲಾಡ್ಬೇಡ,” ಎಂದಳು ಕೋರಿ.

“ನಾನು ಅಲ್ಲಾಡುತ್ತಿಲ್ಲ.”

“ಬೆಂಚು ಅಲ್ಲಾಡ್ತಿದೆ ಹಾಗಾದ್ರೆ. ನೀನಲ್ಲ, ಬೆಂಚು.”

ವರ್ನಾ ಎದ್ದು ಹೊರಗೆ ಹೋಗಿ ಮರದ ತುಂಡುಗಳನ್ನು ತಂದರು. ಒಲೆ ಪಕ್ಕದಲ್ಲಿ ಆಗಲೇ ಸಾಕಷ್ಟಿದ್ದವು.

ಇಪ್ಪತ್ತೊಂದು ಹೊಲಿಗೆ. ಯಾವುದನ್ನೂ ಎಳೆಯಲಿಲ್ಲ. ಮುಗಿದಾಗ ಅವಳ ಮುಖದ ತುಂಬ ಬಿಳಿ ಕೂದಲು. ಬರುವ ದಾರಿಯಲ್ಲಿ ಬಾರಿನಲ್ಲಿ ನಿಲ್ಲಿಸಿ ಕರಿದ ಚೀಸ್ ತಿಂದೆವು. ನಮ್ಮ ಟ್ರಕ್ಕಿನ ಹಿಂದಿನ ಬಲಟೈರಿನಲ್ಲಿ ಗಾಳಿ ಎರಡು ಪೌಂಡು ಕಡಿಮೆಯಿದೆಯೆಂದು ಅವಳೇ ಅಳೆದು ಹೇಳಿದಳು.

೧೬ ಮಾರ್ಚ್

ಒಣಗಿದೆ. ಹಿಡಿದಿದೆ.

೨೨ ಮಾರ್ಚ್

ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಏಪ್ರಿಲ್ ಐದರಂದು ವರ್ಷದ ಕೊಂಬಿನ ಪ್ರದರ್ಶನ. ವರ್ನಾ ತಲೆಯನ್ನು ಹೊಸಬರ ವಿಭಾಗಕ್ಕೆ ಸೇರಿಸಿದ್ದಾರೆ, ನನ್ನ ಹೆಸರಿನಲ್ಲಿ. ನಾನು ಆಕ್ಷೇಪಿಸಿದೆ: ಅಚ್ಚು, ಕಣ್ಣು, ಕಿವಿ ನನ್ನವಲ್ಲ. ಅವರು ಅರ್ಜಿಯಲ್ಲಿ “ಒಂದು ಹೊಲಿಗೆ ವೆಂಡೆಲ್‌ನದು, ಉಳಿದದ್ದು ನನ್ನದು” ಎಂದು ಸೇರಿಸಿದರು. ಇದು ನಿಖರವಾಗಿದೆ. ಒಪ್ಪಿದೆ.

೫ ಏಪ್ರಿಲ್, ಶನಿವಾರ

ವಿವರವಾಗಿ ಬರೆಯಬೇಕು.

ಸಭಾಂಗಣದಲ್ಲಿ ಅರವತ್ತಮೂರು ತಲೆಗಳಿದ್ದವು. ಹೊಸಬರ ವಿಭಾಗದಲ್ಲಿ ಹನ್ನೊಂದು. ತೀರ್ಪುಗಾರ ಬೇರೆ ಕೌಂಟಿಯವರು, ಹೆಸರು ಹಾರ್ಲೋ ಬಾಟ್ಕೆ. ಕೈಯಲ್ಲಿ ಪುಟ್ಟ ಟಾರ್ಚು, ದಂತವೈದ್ಯರ ಕನ್ನಡಿ. ಪ್ರತಿ ಜಿಂಕೆಯ ಮೂಗಿನ ಹೊಳ್ಳೆಯೊಳಗೂ ಬೆಳಕು ಬಿಟ್ಟು ನೋಡುತ್ತಿದ್ದರು. ಡ್ಯುವೇನ್ ಬಿಯರ್ ಹಿಡಿದು ನಮ್ಮ ಹಿಂದೆ ನಿಂತಿದ್ದ.

ಬಾಟ್ಕೆ ನಮ್ಮ ತಲೆಯ ಎದುರು ಆರು ನಿಮಿಷ ನಿಂತರು. ಕಣ್ಣು, ಕಿವಿಯ ಬುಡ, ಕತ್ತಿನ ಹಿಂಬದಿ. “ಹಿಂದಿನ ಹೊಲಿಗೆ ಶುದ್ಧವಾಗಿದೆ,” ಎಂದು ಬರೆದುಕೊಂಡರು. ಅದು ಎಲ್ಲ ತಲೆಗಳಿಗೂ ಇರುವ ಹೊಲಿಗೆ. ವರ್ನಾ ನೋವು ಕಡಿಮೆಯಿದ್ದ ದಿನ ಹಾಕಿದ್ದು. ಗಂಟಲಿನ ಮೇಲೆ ಟಾರ್ಚು ಹಾಯಿಸಿದರು. ಮುಂದಿನ ತಲೆಗೆ ಹೊರಟರು.

ಪರಿಶೀಲನೆ ಅಪೂರ್ಣವಾಗಿತ್ತು. ನಾನು ಹೇಳಿದೆ: “ಮುಂದೆಯೂ ಒಂದು ಹೊಲಿಗೆ ಇದೆ.”

ವರ್ನಾ ನನ್ನ ಕಾಲನ್ನು ತುಳಿದರು.

“ಎಲ್ಲಿ?” ಎಂದರು ಬಾಟ್ಕೆ.

“ಎದೆಯಿಂದ ಗದ್ದದವರೆಗೆ. ಹತ್ತೊಂಬತ್ತು ಇಂಚು. ಬೇಟೆಯ ದಿನ ನಾನು ತಪ್ಪಾಗಿ ಸೀಳಿದ್ದು.”

ಅವರು ಹಿಂತಿರುಗಿ ಬಂದರು. ಮಂಡಿಯೂರಿ, ಕನ್ನಡಿಯನ್ನು ಗದ್ದದ ಕೆಳಗಿಟ್ಟು, ಕೂದಲನ್ನು ಎದುರುದಿಕ್ಕಿಗೆ ಊದಿ ಊದಿ ನೋಡಿದರು. ಅಕ್ಕಪಕ್ಕದ ಮೇಜಿನವರು ಮಾತು ನಿಲ್ಲಿಸಿದರು. ಡ್ಯುವೇನ್ ಕೂಡ ಲೋಟ ಕೆಳಗಿಟ್ಟು ಬಗ್ಗಿದ.

“ತಮಾಷೆ ಮಾಡ್ತಿದೀರಾ?” ಎಂದರು ಬಾಟ್ಕೆ.

“ಇಲ್ಲ.”

“ಇವನು ತಮಾಷೆ ಮಾಡೋ ಜಾತಿಯೋನಲ್ಲ ಸ್ವಾಮಿ,” ಎಂದ ಡ್ಯುವೇನ್. “ನಾನೇ ನೋಡಿದೀನಿ ಆ ಸೀಳನ್ನ. ಟ್ರಕ್ಕಲ್ಲಿ ಸೂಟ್‌ಕೇಸ್ ಥರ ಬಾಯಿ ಬಿಟ್ಕೊಂಡು ಮಲಗಿತ್ತು.”

ನನ್ನ ಬೆರಳಿನಿಂದ ತೋರಿಸಿದೆ: ಇಲ್ಲಿಂದ ಇಲ್ಲಿಗೆ. ಬಾಟ್ಕೆ ಕನ್ನಡಕ ತೆಗೆದು, ಕಣ್ಣನ್ನು ಚರ್ಮಕ್ಕೆ ತಾಗುವಷ್ಟು ಹತ್ತಿರ ತಂದು, ಉಗುರಿನಿಂದ ಸವರಿ, ಕೊನೆಗೆ ಎದ್ದು ನಿಂತರು. ಮಂಡಿ ಒರೆಸಿಕೊಂಡರು.

“ಮೂವತ್ತು ವರ್ಷ ಆಯ್ತು ಈ ಕೆಲಸಕ್ಕೆ. ಇದೆ ಅಂತ ನೀವು ಹೇಳ್ತಿದೀರಿ, ನಂಬ್ತೀನಿ. ನನಗೆ ಸಿಗ್ತಿಲ್ಲ. ಯಾರು ಹೊಲಿದದ್ದು?”

ನಾನು ಉತ್ತರಿಸುವ ಮೊದಲೇ ಕೋರಿ ಹೇಳಿದಳು.

“ನಮ್ಮಪ್ಪ.”

ಸಭಾಂಗಣದಲ್ಲಿ ಹೀಟರ್ ಹೆಚ್ಚಾಗಿತ್ತು. ಎಪ್ಪತ್ತಾರು ಡಿಗ್ರಿ ಫ್ಯಾರನ್‌ಹೀಟ್ ಆದರೂ ಇದ್ದಿರಬೇಕು. ಚರ್ಮಕ್ಕೆ ಅಷ್ಟು ಶಾಖ ಒಳ್ಳೆಯದಲ್ಲ. ಹೊರಗೆ ಹೋಗಿ ಕೆಲವು ನಿಮಿಷ ನಿಂತು ಬಂದೆ.

ಹೊಸಬರ ವಿಭಾಗದಲ್ಲಿ ಮೊದಲ ಸ್ಥಾನ. ಅದಲ್ಲದೆ, ಬಹುಮಾನಗಳ ಯಾದಿಯಲ್ಲಿಲ್ಲದ ಇನ್ನೊಂದು ನೀಲಿ ರಿಬ್ಬನ್ನನ್ನು ಬಾಟ್ಕೆ ತಮ್ಮ ಕೈಯಾರೆ ಬರೆದು ಕೊಂಬಿಗೆ ಕಟ್ಟಿದರು: “ಕಾಣದ ಹೊಲಿಗೆಗೆ.” ಜನ ಚಪ್ಪಾಳೆ ತಟ್ಟಿದರು. ವರ್ನಾ ತಟ್ಟಲಿಲ್ಲ, ಅವರ ಕೈಗೆ ಅದು ನೋವು. ಬದಲಿಗೆ ಕಾಲನ್ನು ನೆಲಕ್ಕೆ ಬಡಿದರು, ಬಹಳ ಹೊತ್ತು. ಜಿಂಕೆ ಹೊಡೆದವಳು ಕೋರಿಯೆಂದು ಬಾಟ್ಕೆಗೆ ತಿಳಿದಾಗ ಅವಳಿಗೂ ಕೈಕುಲುಕಿ, ದೂರ ಎಷ್ಟೆಂದು ಕೇಳಿದರು. “ಎಂಬತ್ತೆರಡು ಗಜ. ಅಪ್ಪ ಅಳೆದಿದಾನೆ,” ಎಂದಳು.

“ನೋಡ್ರಪ್ಪಾ,” ಎಂದು ಡ್ಯುವೇನ್ ಪ್ರದರ್ಶನದ ಬಳಿಕ ಬಾರಿನಲ್ಲಿ ಎಲ್ಲರಿಗೂ ಕೇಳುವಂತೆ ಸಾರಿದ, “ಹೊಡೆದೋಳು ಒಬ್ಬಳು, ಹಾಳು ಮಾಡ್ದೋನಿಗೆ ಎರಡೆರಡು ಬಹುಮಾನ. ಮುಂದಿನ ವರ್ಷ ನಂದನ್ನೂ ಕುಯ್ಯೋ ವೆಂಡೆಲ್, ಕೈ ಮುಗೀತೀನಿ.”

ಎಲ್ಲರೂ ನಕ್ಕರು. ನಾನೂ ನಕ್ಕೆನೆಂದು ಕೋರಿ ಆಮೇಲೆ ಹೇಳಿದಳು.

ಮನೆಗೆ ಬರುವಾಗ ಟ್ರಕ್ಕನ್ನು ಅವಳು ಓಡಿಸಿದಳು. ತಲೆ ನನ್ನ ಮಡಿಲಲ್ಲಿತ್ತು, ಕೊಂಬು ಕಿಟಕಿಯ ಕಡೆಗೆ.

“ಡುಲೂತ್‌ಗೆ ಫೋನ್ ಮಾಡಿದ್ದೆ ಗುರುವಾರ,” ಎಂದಳು. “ಜೂನಲ್ಲಿ ಒಂದು ವಾರ ಬಂದು ಹೋಗ್ತೀನಿ ಅಂತ ಚಿಕ್ಕಮ್ಮಂಗೆ ಹೇಳ್ದೆ.”

“ಒಂದು ವಾರವೇ?”

“ಸಾಕು. ಅವರ ಮನೇಲಿ ಮೂರು ಬೆಕ್ಕಿದಾವೆ.” ಸ್ವಲ್ಪ ದೂರ ಹೋದ ಮೇಲೆ, “ಇದನ್ನ ಎಲ್ಲಿ ಹಾಕೋಣ ಅಂತೀಯ?” ಎಂದಳು.

ಊಟದ ಮೇಜಿನ ಎದುರಿನ ಗೋಡೆ, ನೆಲದಿಂದ ಅರವತ್ತೆರಡು ಇಂಚು ಎತ್ತರ ಎಂದೆ. ಅಷ್ಟು ನಿಖರವಾಗಿ ಹೇಗೆ ಗೊತ್ತು ಎಂದು ಕೇಳಿದಳು. ಜನವರಿಯಲ್ಲೇ ಅಳೆದಿಟ್ಟಿದ್ದೆ.

೬ ಏಪ್ರಿಲ್, ಭಾನುವಾರ

ಬೆಳಿಗ್ಗೆ ತಲೆಯನ್ನು ಗೋಡೆಗೆ ಹಾಕಿದೆವು. ನಾಲ್ಕು ಇಂಚಿನ ಎರಡು ತಿರುಪುಗಳು, ಗೋಡೆಯೊಳಗಿನ ಮರದ ಕಂಬಕ್ಕೆ ನೇರವಾಗಿ. ಎಡಗಿವಿ ಅಡುಗೆಮನೆಯ ಬಾಗಿಲ ಕಡೆಗಿದೆ. ಮಧ್ಯಾಹ್ನ ಊಟಕ್ಕೆ ಡ್ಯುವೇನ್, ವರ್ನಾ ಬಂದಿದ್ದರು. ಮಾಂಸ ಅದೇ ಜಿಂಕೆಯದು. ಕೆಟ್ಟಿರಲಿಲ್ಲ.

ಮನೆ ಮಾರುವ ದಲ್ಲಾಳಿಯ ಕರಾರುಪತ್ರ ಮಾರ್ಚ್‌ನಿಂದ ನನ್ನ ಸಹಿಗಾಗಿ ಕಾದಿದೆ. ಅವರು ನಾಳೆ ಹತ್ತು ಗಂಟೆಗೆ ಬರುತ್ತಾರೆ.

ಮನೆಯನ್ನು ಮಾರುವುದಿಲ್ಲವೆಂದು ತೀರ್ಮಾನಿಸಿದ್ದೇನೆ.